ಬೆಲ್ಟು ನಿಲ್ಲಿಸಿದ ಕಾಯಿಲೆ

ಆ ಸಾಬೂನು ಕಾರ್ಖಾನೆಯ ಪ್ಯಾಕಿಂಗ್ ಹಾಲಿನಲ್ಲಿ ಮನುಷ್ಯನಿಗೆ ಯಾವ ಕಾಯಿಲೆ ಬೇಕಾದರೂ ಬರಬಹುದಿತ್ತು. ಷರತ್ತು ಒಂದೇ: ಅದನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕು.

ಇದು ಕಂಪನಿಯ ಕಾನೂನಲ್ಲ, ಸಾಬೂನು ಹೊತ್ತು ಓಡುವ ಬೆಲ್ಟಿನ ಬದಿಗೆ ನಿಂತವರು ತಾವೇ ಮಾಡಿಕೊಂಡ ಕಟ್ಟಳೆ. ಬೆಲ್ಟು ಯಾರಿಗಾಗಿಯೂ ನಿಲ್ಲುವುದಿಲ್ಲ. ಒಬ್ಬ ಅರ್ಧ ದಿನ ರಜೆ ಹಾಕಿದರೆ ಅವನ ಪಾಲಿನ ಸಾಬೂನನ್ನೂ ಅಕ್ಕಪಕ್ಕದವರೇ ಡಬ್ಬಿಗೆ ತುಂಬಬೇಕು. ಹೊರೆ ಹೊರುವವರಿಗೆ ಕಾರಣ ಕೇಳುವ ಹಕ್ಕು ಬೇಡವೇ? ಆದ್ದರಿಂದ ರಜೆ ಬೇಕಾದವನು ಯಂತ್ರದ ಗದ್ದಲವನ್ನು ಮೀರಿ ಕೂಗಬೇಕು. ಸಾಲಿನವರು ಕೈ ಎತ್ತಿ ಒಪ್ಪಬೇಕು. ಕೊನೆಗೆ ಸೂಪರ್‌ವೈಸರ್ ತಲೆಯಾಡಿಸಬೇಕು. "ಮೂಲವ್ಯಾಧಿ!" ಎಂದರೆ ಕೈಗಳು ಗೌರವದಿಂದ ಏಳುತ್ತಿದ್ದವು. "ವಾಂತಿ ಭೇದಿ!" ಎಂದರೆ ಕೈಗಳ ಜೊತೆ ಕಾಲುಗಳೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದವು. ಒಮ್ಮೆ ಒಬ್ಬ ಬಡಪಾಯಿ "ಮನಸ್ಸಿಗೆ ಯಾಕೋ ಬೇಜಾರು" ಎಂದು ಕೂಗಿದ. ಒಂದು ಕೈಯೂ ಏಳಲಿಲ್ಲ. ಬೇಜಾರನ್ನು ಅವನು ಸಂಜೆಯವರೆಗೆ ಸಾಬೂನಿನ ಜೊತೆಯಲ್ಲೇ ಪ್ಯಾಕು ಮಾಡಿದ.

ಹಾಲಿನ ಆ ತುದಿಯಲ್ಲಿ ಹೆಂಗಸರ ಸಾಲಿತ್ತು. ಸಾಬೂನಿಗೆ ಕಾಗದ ಸುತ್ತುವ ಕೆಲಸ ಅವರದು. ಅವರು ಯಾವತ್ತೂ ಏನನ್ನೂ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಹೀಗಾಗಿ ಹೆಂಗಸರಿಗೆ ಕಾಯಿಲೆ ಬರುವುದಿಲ್ಲ ಎಂಬ ವೈಜ್ಞಾನಿಕ ತೀರ್ಮಾನಕ್ಕೆ ಆಡಳಿತ ಮಂಡಳಿ ಬಂದಿತ್ತು.

ನಮ್ಮ ಕಥಾನಾಯಕನ ಹೆಸರನ್ನು ಹಾಲಿನಲ್ಲಿ ಯಾರೂ ಬಳಸುತ್ತಿರಲಿಲ್ಲ. ಎಲ್ಲರೂ ಅವನನ್ನು ಎಕ್ಸ್‌ಪ್ರೆಸ್ ಎಂದೇ ಕರೆಯುತ್ತಿದ್ದರು. ಅವನ ಕೈ ಕಣ್ಣಿಗೆ ಕಾಣುತ್ತಿರಲಿಲ್ಲ. ಡಬ್ಬಿ ತುಂಬಿದ್ದು ಮಾತ್ರ ಕಾಣುತ್ತಿತ್ತು. ಇದನ್ನು ಮೆಚ್ಚಿ ಮ್ಯಾನೇಜರು ವಾರ್ಷಿಕ ಸಮಾರಂಭದಲ್ಲಿ ಅವನಿಗೊಂದು ಬಂಗಾರದ ಬಣ್ಣದ ಪ್ಲಾಸ್ಟಿಕ್ ಕಪ್ಪು ಕೊಟ್ಟಿದ್ದರು. ಅದರ ಮೇಲೆ "ಅತಿ ವೇಗದ ಕೆಲಸಗಾರ" ಎಂದು ಬರೆದಿತ್ತು. ಮಾರನೆಯ ದಿನವೇ ಅದೇ ಮ್ಯಾನೇಜರು, "ಇವನಿಗೆ ಆಗೋದಾದ್ರೆ ಉಳಿದವರಿಗೇನು ಧಾಡಿ?" ಎಂದು ಬೆಲ್ಟಿನ ವೇಗ ಏರಿಸಿದರು. ಅಂದಿನಿಂದ ಸಾಲಿನವರು ಅವನನ್ನು ಎಕ್ಸ್‌ಪ್ರೆಸ್ ಎನ್ನುವಾಗ ಹಲ್ಲು ಕಡಿಯುತ್ತಿದ್ದರು.

ಕಪ್ಪು ಮನೆಗೆ ಬಂತು. ಇದ್ದದ್ದು ಒಂದೇ ಕೋಣೆ. ಮಂಚದ ಎದುರು ಬೀರು, ಬೀರುವಿನ ಮೇಲೆ ಕಪ್ಪು. ಮದುವೆಯಾಗಿ ಇನ್ನೂ ಹೊಸತು. ದೀಪ ಆರಿಸಿದರೂ ಬೀದಿಯ ಬೆಳಕು ಕಿಟಕಿಯಿಂದ ನುಗ್ಗಿ ಸರಿಯಾಗಿ ಆ ಅಕ್ಷರಗಳ ಮೇಲೆಯೇ ಬೀಳುತ್ತಿತ್ತು. ಅತಿ ವೇಗದ ಕೆಲಸಗಾರ.

ವಿಷಯವನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಗಂಡ ಹೆಂಡಿರ ನಡುವೆ ಆಗಬೇಕಾದದ್ದು ಶುರುವಾಗುತ್ತಿದ್ದಂತೆಯೇ ಗಂಡನ ಕಡೆಯಿಂದ ಮುಗಿದುಹೋಗುತ್ತಿತ್ತು. ಹೆಂಡತಿ ಇನ್ನೂ ಏನಾಯಿತೆಂದು ಯೋಚಿಸುತ್ತಿರುವಾಗಲೇ ಗಂಡ ಗೋಡೆಯ ಕಡೆ ತಿರುಗಿ ಗೊರಕೆಯ ನಟನೆ ಆರಂಭಿಸಿರುತ್ತಿದ್ದ. ಕೆಲವು ವಾರ ಹೀಗೆ ಕಳೆದ ಮೇಲೆ ಅವನು ಆ ಶುರುವನ್ನೇ ಕೈಬಿಟ್ಟ. ಒಂದು ದಿನ ಸೊಂಟನೋವು, ಇನ್ನೊಂದು ದಿನ ತಲೆನೋವು, ಮತ್ತೊಂದು ದಿನ ಪತ್ರಿಕೆಯಲ್ಲಿ ಹವಾಮಾನ ವರದಿ ಓದುವುದು ತೀರಾ ಮುಖ್ಯ. ಕಪ್ಪನ್ನು ಗೋಡೆಗೆ ಮುಖಮಾಡಿ ಇಟ್ಟ. ಹೆಂಡತಿ ಧೂಳು ಒರೆಸುವಾಗ ಮತ್ತೆ ಈಚೆ ತಿರುಗಿಸಿಟ್ಟಳು. "ಬಹುಮಾನ ಕಣ್ರೀ, ಜನ ನೋಡ್ಲಿ" ಎಂದಳು.

ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಗುಪ್ತರೋಗಕ್ಕೆ ಮದ್ದು ಎಂದು ಬರೆಸಿಕೊಂಡ ಒಬ್ಬ ಪಂಡಿತನ ಹತ್ತಿರವೂ ಅವನು ಹೋಗಿಬಂದ. ಗುಪ್ತವಾದದ್ದನ್ನು ಗೋಡೆಯ ಮೇಲೆ ಬರೆಸಿ ಬದುಕುವ ಈ ಮಹಾನುಭಾವರ ಕಸುಬು ಸರಳ: ಮೊದಲು ಹೆದರಿಸುವುದು, ಆಮೇಲೆ ಲೇಹ್ಯ ಮಾರುವುದು. "ಹರೆಯದಲ್ಲಿ ಮಾಡಿದ ಪಾಪ ಈಗ ಕಾಡ್ತಿದೆ" ಎಂದು ಪಂಡಿತ ಕಣ್ಣು ಮುಚ್ಚಿ ನುಡಿದ. ಲೇಹ್ಯ ಹೊಟ್ಟೆಗಿಳಿದ ಮೇಲೆ ಎಕ್ಸ್‌ಪ್ರೆಸ್ ಹಾಲಿನಲ್ಲಿ "ವಾಂತಿ ಭೇದಿ!" ಎಂದು ಪ್ರಾಮಾಣಿಕವಾಗಿ ಕೂಗಬೇಕಾಯಿತು. ಬೇರೆ ಯಾವ ಪರಿಣಾಮವೂ ಆಗಲಿಲ್ಲ.

ಹೆಂಡತಿ ಮನೆಯಲ್ಲೇ ಕಿಟಕಿಯ ಪಕ್ಕ ಮಿಷನ್ನು ಇಟ್ಟುಕೊಂಡು ಅಂಗಿ ಹೊಲಿಯುತ್ತಿದ್ದಳು. ಹೊಲಿಯುವಾಗ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದಳು. ಪಿನ್ನಿನ ಸಂದಿಯಲ್ಲೇ ಮಾತಾಡುವುದು ಅವಳಿಗೆ ರೂಢಿ. ಅವಳು ಪಿನ್ನುಗಳನ್ನು ಬಾಯಿಂದ ತೆಗೆದು ಒಂದೊಂದಾಗಿ ಮೇಜಿನ ಮೇಲಿಟ್ಟಳೆಂದರೆ ಅದು ಗಂಭೀರ ಸಂದರ್ಭ. ಒಂದು ಸಂಜೆ ಅವಳು ಪಿನ್ನುಗಳನ್ನು ತೆಗೆದಿಟ್ಟಳು.

"ನಾನು ನಿಮಗೆ ಹಿಡಿಸಿಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ."

"ಅಯ್ಯೋ, ಹಂಗೇನಿಲ್ಲ ಕಣೇ."

"ಬೇರೆ ಯಾರಾದ್ರೂ ಇದ್ರೆ ಅದನ್ನಾದ್ರೂ ಹೇಳಿ. ನಿಮ್ಮ ಅಂಗಿ ಮೂಸಿ ಕಂಡುಹಿಡಿಯೋಣ ಅಂದ್ರೆ ಬರೀ ಸಾಬೂನು ವಾಸನೆ. ನಿಮ್ಮಂಥೋರಿಗೆ ಒಳ್ಳೇ ಕಾರ್ಖಾನೆ ಸಿಕ್ಕಿದೆ."

"ಕೆಲಸದಲ್ಲಿ ಸುಸ್ತು, ಅಷ್ಟೆ."

"ಸುಸ್ತಾದೋರು ಹವಾಮಾನ ಓದಲ್ಲ. ಭಾನುವಾರದ ತನಕ ಕಾಯ್ತೀನಿ. ಅಷ್ಟರಲ್ಲಿ ಏನು ಅಂತ ನೀವು ಹೇಳ್ಲಿಲ್ಲ ಅಂದ್ರೆ ಅಕ್ಕನ ಮನೆಗೆ ಹೋಗ್ತೀನಿ. ಮತ್ತೆ ಬರೋಳಲ್ಲ."

ಎಕ್ಸ್‌ಪ್ರೆಸ್ ಪತ್ರಿಕೆ ಮಡಚಿ ಬದಿಗಿಟ್ಟ. ಹೆಂಡತಿಯೆಂದರೆ ಅವನಿಗೆ ಪ್ರಾಣ. ಅವಳು ಬಾಯಲ್ಲಿ ಪಿನ್ನು ಇಟ್ಟುಕೊಂಡು ನಕ್ಕರೆ ಅವನಿಗೆ ಇಡೀ ದಿನ ಸಾಬೂನು ಹಗುರ. ಮೊದಲು ನಿಜವಾದ ಡಾಕ್ಟರನ್ನು ಕಂಡು ವಾಸಿ ಮಾಡಿಕೊಂಡು, ಆಮೇಲೆ ಏನೂ ಆಗಿಯೇ ಇರಲಿಲ್ಲ ಎಂಬಂತೆ ಇದ್ದುಬಿಡುವುದು ಎಂದು ಅವನು ಲೆಕ್ಕ ಹಾಕಿದ. ಸರ್ಕಾರಿ ಆಸ್ಪತ್ರೆಯಲ್ಲಿ ಗಂಡಸರ ವಿಭಾಗವಿತ್ತು. ಆದರೆ ಅದು ತೆರೆಯುವುದು ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ. ಗಂಡಸರು ಆ ಹೊತ್ತಿನಲ್ಲಿ ಕಾರ್ಖಾನೆಯಲ್ಲಿರುತ್ತಾರೆಂದು ಸರ್ಕಾರಕ್ಕೆ ಯಾರೂ ತಿಳಿಸಿರಲಿಲ್ಲ.

ಹಾಗಾಗಿ ಗುರುವಾರ ಊಟವಾದ ಮೇಲೆ ಎಕ್ಸ್‌ಪ್ರೆಸ್ ಬೆಲ್ಟಿನ ಬಳಿ ಕೈ ಎತ್ತಿದ. "ಸಾರ್! ಅರ್ಧ ದಿನ ರಜೆ!"

"ಏನಾಗಿದೆ?" ಸೂಪರ್‌ವೈಸರ್ ಕೂಗಿದ.

"ಆಸ್ಪತ್ರೆಗೆ ಹೋಗ್ಬೇಕು!"

"ಆಸ್ಪತ್ರೆ ಕಾಯಿಲೆ ಅಲ್ಲವಲ್ಲೋ! ಕಾಯಿಲೆ ಹೆಸರು ಹೇಳು!"

ಸಾಲಿನವರೆಲ್ಲ ಕೈ ಆಡಿಸುತ್ತಲೇ ಕಿವಿ ಚಾಚಿದರು. ಎಕ್ಸ್‌ಪ್ರೆಸ್ ಹೊಟ್ಟೆನೋವು ಎಂದು ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಎಲ್ಲದರಲ್ಲೂ ಆತುರದ ಆ ಮನುಷ್ಯನ ಬಾಯಿಗೆ ಎದುರಿಗೆ ಕಂಡದ್ದೇ ಮಾತಾಗಿ ಬಂತು. ಎದುರಿಗೆ ಇದ್ದದ್ದು ಬೆಲ್ಟು.

"ಹೆಸರು ಗೊತ್ತಿಲ್ಲ ಸಾರ್! ಈ ಬೆಲ್ಟಿನಿಂದ ಬಂದಿದ್ದು!"

ಆ ಸಾಲಿನಲ್ಲೇ ಯೂನಿಯನ್ನಿನ ಕಾರ್ಯದರ್ಶಿ ನಿಂತಿದ್ದ. ಅವನನ್ನು ಎಲ್ಲರೂ ಮೈಕಣ್ಣ ಎನ್ನುತ್ತಿದ್ದರು. ಮೈಕಿಲ್ಲದೆಯೂ ಅವನ ದನಿ ಮೈಕಿನಲ್ಲಿ ಮಾತಾಡಿದಂತೆಯೇ ಇರುತ್ತಿತ್ತು. ಬೆಲ್ಟಿನ ವೇಗದ ವಿರುದ್ಧ ಒಂದು ಬಲವಾದ ಕಾರಣ ಹುಡುಕಿ ಹುಡುಕಿ ಅವನ ಕಣ್ಣು ಗುಳಿ ಬಿದ್ದಿದ್ದವು. ಈಗ ಸಾಕ್ಷಾತ್ ವೇಗದ ಚಾಂಪಿಯನ್ನೇ, ಕಂಪನಿಯಿಂದ ಕಪ್ಪು ಹೊಡೆದವನೇ, ಬೆಲ್ಟಿನಿಂದ ಮೈ ಕೆಟ್ಟಿತು ಎನ್ನುತ್ತಿದ್ದಾನೆ! ಮೈಕಣ್ಣ ಎರಡು ಹೆಜ್ಜೆ ಹಾಕಿ ಕಂಬದ ಮೇಲಿನ ಕೆಂಪು ಗುಂಡಿ ಒತ್ತಿಬಿಟ್ಟ. ಬೆಲ್ಟು ನಿಂತಿತು.

ಅಂಥ ಮೌನವನ್ನು ಆ ಹಾಲು ಎಂದೂ ಕೇಳಿರಲಿಲ್ಲ. ಒಂದು ಸಾಬೂನು ಜಾರಿ ನೆಲಕ್ಕೆ ಬಿದ್ದ ಸದ್ದು ಮೂಲೆಮೂಲೆಗೂ ಕೇಳಿಸಿತು.

"ಬಂಧುಗಳೇ!" ಮೈಕಣ್ಣ ಗುಡುಗಿದ. "ನೋಡಿ ಈ ಮನುಷ್ಯನ್ನ! ಇವನ ಕೈ ನೋಡಿ ಬೆಲ್ಟು ಓಡಿಸಿದ್ರು. ಬೆಲ್ಟು ಇವನ ಜೀವಾನೇ ಹಿಂಡ್ತು! ಇವತ್ತು ಇವನು, ನಾಳೆ ನಾವು! ಇವನಿಗೆ ಬಂದ ಕಾಯಿಲೆ ನಮಗೆಲ್ಲ ಬರಲ್ಲ ಅಂತ ಯಾರಾದ್ರೂ ಎದೆ ಮುಟ್ಕೊಂಡು ಹೇಳ್ತೀರಾ?"

ಯಾರೂ ಎದೆ ಮುಟ್ಟಿಕೊಳ್ಳಲಿಲ್ಲ.

"ಅಣ್ಣಾ, ಬೇಡ ಬಿಡಣ್ಣಾ, ಸಣ್ಣ ಕಾಯಿಲೆ" ಎಂದು ಎಕ್ಸ್‌ಪ್ರೆಸ್ ಅವನ ತೋಳು ಜಗ್ಗಿದ.

"ನೋಡಿ ಇವನ ದೊಡ್ಡತನ! ಸಣ್ಣದು ಅಂತಾನೆ! ಬೆಲ್ಟಿನ ಸ್ಪೀಡು..."

"ಇಳಿಸಿ!" ಹಾಲು ಕೂಗಿತು.

"ಎಕ್ಸ್‌ಪ್ರೆಸ್ಸಿನ ಕಾಯಿಲೆಗೆ..."

ಈ ಘೋಷಣೆಗೆ ಏನು ಉತ್ತರ ಹೇಳಬೇಕೆಂದು ತಿಳಿಯದೆ ಅರ್ಧ ಜನ "ಧಿಕ್ಕಾರ!" ಎಂದರು, ಉಳಿದರ್ಧ "ಜಯವಾಗಲಿ!" ಎಂದರು. ಎಲ್ಲರೂ ನೆಲದ ಮೇಲೆ ಕುಳಿತರು. ಮ್ಯಾನೇಜರು ಗಾಜಿನ ಕೋಣೆಯಿಂದ ಇಣುಕಿ, ಶನಿವಾರ ಬೆಳಿಗ್ಗೆ ಕಾರ್ಮಿಕ ಇಲಾಖೆಯ ಅಧಿಕಾರಿಯ ಎದುರಿಗೆ ಸಭೆ ಎಂದು ಹೇಳಿ ಒಳಕ್ಕೆ ಸರಿದುಕೊಂಡರು.

ಎಕ್ಸ್‌ಪ್ರೆಸ್ ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಜೋರಾಗಿ ಓಡಿ ಬಂದು ಕೂತಿತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಮಂಚದ ಮೇಲೆ ಓನರಮ್ಮ, ಅಂದರೆ ಮನೆ ಬಾಡಿಗೆಗೆ ಕೊಟ್ಟ ಮಹಾತಾಯಿ. ಕುರ್ಚಿಯ ಮೇಲೆ ಅವನ ಚಿಕ್ಕಪ್ಪ, ಕಾಂಪೌಂಡರ್ ಆಗಿ ನಿವೃತ್ತರಾದವರು, ಹಾಗಾಗಿ ಕುಟುಂಬದ ಮಟ್ಟಿಗೆ ಅವರೇ ದೊಡ್ಡ ಡಾಕ್ಟರು.

"ಸಾಬೂನು ಪುಡಿ ಉಸಿರಲ್ಲಿ ಒಳಗೆ ಹೋಗಿ ಕರುಳೆಲ್ಲ ಜಾರ್ತಿದೆಯಂತೆ" ಎಂದು ಓನರಮ್ಮ ಹೆಂಡತಿಗೆ ವಿವರಿಸುತ್ತಿದ್ದರು. "ಕೆಮ್ಮಿದ್ರೆ ನೊರೆ ಬರುತ್ತಂತಮ್ಮಾ!"

"ಎಲ್ಲಿ, ಕೆಮ್ಮು" ಎಂದರು ಚಿಕ್ಕಪ್ಪ.

"ನನಗೆ ಕೆಮ್ಮಿಲ್ಲ ಚಿಕ್ಕಪ್ಪ."

"ಕೆಮ್ಮಿಲ್ಲ ಅನ್ನೋದೇ ಅಪಾಯ. ನೊರೆ ಒಳಗೇ ನಿಂತಿದೆ. ನಾಲಿಗೆ ತೆಗಿ. ಹೂಂ... ಕಿಡ್ನಿ."

"ಕಿಡ್ನಿಯಾ!" ಓನರಮ್ಮ ಎದೆ ಹಿಡಿದುಕೊಂಡರು. "ಪಾಪ, ಅದಕ್ಕೇ ನಲ್ಲಿ ನೀರು ಬಂದಾಗ ಬಿಂದಿಗೆ ಎತ್ತೋಕೆ ಒದ್ದಾಡ್ತಿದ್ದ. ನಾನು ಸೋಮಾರಿತನ ಅಂದ್ಕೊಂಡಿದ್ದೆ. ತಪ್ಪಾಯ್ತಪ್ಪಾ."

ಜನ ಕರಗುವ ತನಕ ಹೆಂಡತಿ ಕಾಲರು ಹೊಲಿಯುತ್ತಿದ್ದಳು. ಬಾಗಿಲು ಮುಚ್ಚಿದ ಮೇಲೆ ಪಿನ್ನುಗಳನ್ನು ಬಾಯಿಂದ ತೆಗೆದಳು. ಅವಳ ಕಣ್ಣು ಕೆಂಪಾಗಿದ್ದವು.

"ಏನ್ರೀ ಅದು ಕಾಯಿಲೆ? ನನ್ನ ಹತ್ರ ಹೇಳಿ."

ಎಕ್ಸ್‌ಪ್ರೆಸ್ ಬಾಯಿ ತೆರೆದ. ಬೀರುವಿನ ಮೇಲಿನ ಕಪ್ಪು ಅವನನ್ನೇ ನೋಡುತ್ತಿತ್ತು. ಬಾಯಿ ಮುಚ್ಚಿದ. ಮತ್ತೆ ತೆರೆದು, "ಬೆಲ್ಟು" ಎಂದ.

"ಊರಿಗೆಲ್ಲ ಹೇಳಿದ್ದನ್ನೇ ನನಗೂ ಹೇಳ್ತೀರಿ." ಹೆಂಡತಿ ಎದ್ದು ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. "ಸರಿ. ಶನಿವಾರ ಸಭೇಲಿ ಹೇಳ್ತೀರಂತಲ್ಲ, ನಾನೂ ಅಲ್ಲೇ ಬಂದು ಕೇಳ್ಕೋತೀನಿ. ಅಲ್ಲೂ ಬೆಲ್ಟು ಅಂದ್ರೆ ಅಲ್ಲಿಂದಾನೇ ಬಸ್ಸು ಹತ್ತೀನಿ. ಭಾನುವಾರದ ತನಕ ಯಾಕೆ?"

ಶುಕ್ರವಾರವೂ ಬೆಲ್ಟು ನಿಂತೇ ಇತ್ತು. ಮೈಕಣ್ಣ ಜೈಕಾರದ ದಂಡಿನ ಸಮೇತ ಎಕ್ಸ್‌ಪ್ರೆಸ್ಸನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದ. ಬೆಲ್ಟಿನಿಂದಲೇ ಕಾಯಿಲೆ ಬಂತೆಂದು ಡಾಕ್ಟರು ಒಂದು ಮಾತು ಹೇಳಿಬಿಟ್ಟರೆ ಗೆದ್ದಂತೆ ಎಂಬುದು ಅವನ ಎಣಿಕೆ. ಎಲ್ಲರನ್ನೂ ಹೊರಗೆ ನಿಲ್ಲಿಸಿ ಎಕ್ಸ್‌ಪ್ರೆಸ್ ಒಬ್ಬನೇ ಒಳಗೆ ಹೋದ. ಒಳಗೆ ಕೂತಿದ್ದವರು ಹೆಂಗಸು.

"ಮೇಡಂ, ಗಂಡು ಡಾಕ್ಟರ್ ಯಾರೂ ಇಲ್ವಾ?"

"ಇದ್ದಾರೆ, ರಜೇಲಿದಾರೆ. ಅವರಿಗೂ ಕಾಯಿಲೆ ಬರುತ್ತಲ್ಲ. ಹೇಳಿ, ಏನು ತೊಂದರೆ?"

"ನನಗಲ್ಲ ಮೇಡಂ, ನನ್ನ ಸ್ನೇಹಿತನಿಗೆ." ಎಕ್ಸ್‌ಪ್ರೆಸ್ ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರದ ಜೊತೆ ಮಾತಾಡುತ್ತಾ ಸ್ನೇಹಿತನ ಕಷ್ಟವನ್ನೆಲ್ಲ ಹೇಳಿದ.

ಡಾಕ್ಟರ್ ಸಮಾಧಾನದಿಂದ ಕೇಳಿದರು. "ಸ್ನೇಹಿತನ ಹೆಂಡತಿ ಹೇಗಿದಾರೆ?"

"ಬಹಳ ಒಳ್ಳೆಯವಳು ಮೇಡಂ. ಅಂಗಿ ಹೊಲೀತಾಳೆ."

"ಒಳ್ಳೇದು. ಸ್ನೇಹಿತನ ಪ್ಯಾಂಟು ಬಿಚ್ಚಿಸೋಕೆ ನನಗೆ ಆಗಲ್ಲ. ನೀವೇ ಆ ಪರದೆ ಹಿಂದೆ ಹೋಗಿ."

ಪರೀಕ್ಷೆ ಮುಗಿದ ಮೇಲೆ ಅವರು ಕೈ ತೊಳೆದುಕೊಂಡು ಬಂದು ಕೂತರು. "ಇದಕ್ಕೆ ಶೀಘ್ರಸ್ಖಲನ ಅಂತಾರೆ."

"ಹೆಸರಿದೆಯಾ ಮೇಡಂ ಇದಕ್ಕೆ?"

"ಅಷ್ಟು ಜನಕ್ಕೆ ಇರೋದಕ್ಕೆ ಹೆಸರಿಡದೆ ಇರೋಕಾಗುತ್ತಾ? ಎಷ್ಟೋ ಗಂಡಸರಿಗೆ ಒಂದಲ್ಲ ಒಂದು ಕಾಲಕ್ಕೆ ಇದು ಇರೋದೇ. ಗಂಡಸುತನಕ್ಕೂ ಇದಕ್ಕೂ ಸಂಬಂಧ ಇಲ್ಲ. ಹರೆಯದಲ್ಲಿ ಮಾಡಿದ್ದಕ್ಕೆ ಶಿಕ್ಷೇನೂ ಅಲ್ಲ."

"ಪಂಡಿತರು ಪಾಪ ಅಂದ್ರು..."

"ಪಾಪ ಅವರದು, ಲೇಹ್ಯ ಮಾರಿದ್ದು. ನೋಡಿ, ಕೆಲವರ ಮೈಯೇ ಹೀಗಿರುತ್ತೆ. ಕೆಲವರಿಗೆ ಭಯ, ಆತಂಕ. ಒಂದು ಸಲ ಹೀಗಾಯ್ತು ಅಂತ ಹೆದರ್ತೀರಿ, ಹೆದರಿದ್ದಕ್ಕೇ ಮತ್ತೆ ಹೀಗಾಗುತ್ತೆ. ಅಪರೂಪಕ್ಕೆ ಥೈರಾಯ್ಡ್, ಪ್ರಾಸ್ಟೇಟ್ ತೊಂದರೆ ಇರಬಹುದು, ರಕ್ತ ಪರೀಕ್ಷೆ ಮಾಡಿ ನೋಡೋಣ. ವಾಸಿಗೆ ದಾರಿ ಇದೆ. ಹತ್ತಿರ ಬಂತು ಅನ್ನಿಸಿದಾಗ ನಿಲ್ಲಿಸಿ, ಸುಧಾರಿಸ್ಕೊಂಡು, ಮತ್ತೆ ಶುರು ಮಾಡೋ ಅಭ್ಯಾಸ ಮಾಡ್ಬೇಕು. ಮೂತ್ರ ತಡೆಯೋ ಸ್ನಾಯು ಇದೆಯಲ್ಲ, ಅದಕ್ಕೆ ವ್ಯಾಯಾಮ. ಬೇಕಾದ್ರೆ ಮಾತ್ರೆಯೂ ಇದೆ, ನಾನು ಹೇಳಿದ ಹಾಗೆ ಮಾತ್ರ. ಗೋಡೆ ಮೇಲೆ ಬರೆದಿದ್ದನ್ನೆಲ್ಲ ನುಂಗೋ ಹಾಗಿಲ್ಲ."

"ಇದು ಬೆಲ್ಟಿನ ಸ್ಪೀಡಿನಿಂದ ಬಂದಿದ್ದು ಅಂತ..."

"ಅಲ್ಲ. ದಣಿವು, ಒತ್ತಡ ಯಾರಿಗೂ ಒಳ್ಳೇದಲ್ಲ, ಅಷ್ಟೆ. ಬೆಲ್ಟಿನಿಂದ ಬಂತು ಅಂತ ನಾನು ಹೇಳಲ್ಲ."

"ಹಂಗಾದ್ರೆ ಕಿಡ್ನಿ ಅಂದ್ಬಿಡಿ ಮೇಡಂ."

"ಚೆನ್ನಾಗಿರೋ ಕಿಡ್ನಿ ಮೇಲೆ ಯಾಕ್ರೀ ಅಪವಾದ ಹೊರಿಸ್ಲಿ?"

"ಶ್ವಾಸಕೋಶ? ಕರುಳು? ಯಾವುದಾದ್ರೂ ಮರ್ಯಾದಸ್ಥ ಅಂಗ ಇದ್ರೆ ಕೊಡಿ ಮೇಡಂ, ಕಾಲಿಗೆ ಬೀಳ್ತೀನಿ."

ಡಾಕ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವಿಗೋ ದುಃಖಕ್ಕೋ ಗೊತ್ತಾಗಲಿಲ್ಲ. "ಮುಂದಿನ ಸಲ ಹೆಂಡತೀನ ಕರ್ಕೊಂಡು ಬನ್ನಿ. ನಾನು ಹೇಳಿದ ಅಭ್ಯಾಸ ಒಬ್ಬರೇ ಮಾಡೋದಲ್ಲ. ಅವರಿಗೆ ಹೇಳಿದ್ದೀರಾ?"

"ಇಲ್ಲ ಮೇಡಂ. ನಾಚಿಕೆ."

"ಹೊರಗೆ ಯಾರೋ ಕೂಗ್ತಿದಾರಲ್ಲ?"

"ನಮ್ಮ ಯೂನಿಯನ್ನು. ನನ್ನ ಕಾಯಿಲೆಗೆ ಜೈಕಾರ ಹಾಕ್ತಿದಾರೆ."

"ಹೆಂಡತಿಗೊಬ್ಬಳಿಗೆ ಹೇಳೋಕೆ ನಾಚಿಕೆ" ಎಂದು ಡಾಕ್ಟರ್ ನಿಟ್ಟುಸಿರಿಟ್ಟರು.

ಹೊರಗೆ ಬಂದವನನ್ನು ಮೈಕಣ್ಣ ತಬ್ಬಿಕೊಂಡ. "ಏನಂದ್ರೋ?"

"ಯಾರಿಗೂ ಹೇಳೋ ಹಾಗಿಲ್ಲಣ್ಣ."

ಮೈಕಣ್ಣ ಗುಂಪಿನ ಕಡೆ ತಿರುಗಿದ. "ಕೇಳಿದ್ರಾ ಬಂಧುಗಳೇ! ಡಾಕ್ಟರೇ ಬಾಯಿಬಿಡೋಕೆ ಹೆದರುವಂಥ ಕಾಯಿಲೆ!"

ಶನಿವಾರ ಕ್ಯಾಂಟೀನಿನ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ಒಂದು ಕಡೆ ಮ್ಯಾನೇಜರು, ಸೂಪರ್‌ವೈಸರು. ನಡುವೆ ಕಾರ್ಮಿಕ ಇಲಾಖೆಯ ಅಧಿಕಾರಿ, ಎದುರಿಗೆ ತಣ್ಣಗಾಗುತ್ತಿರುವ ಚಹಾ. ಇನ್ನೊಂದು ಕಡೆ ಇಡೀ ಹಾಲು. ಮುಂದಿನ ಸಾಲಿನಲ್ಲಿ ಕುಟುಂಬದ ವೈದ್ಯಕೀಯ ಪ್ರತಿನಿಧಿಯಾಗಿ ಚಿಕ್ಕಪ್ಪ. ಬಾಗಿಲ ಬಳಿ, ಕಾಗದ ಸುತ್ತುವ ಹೆಂಗಸರ ಪಕ್ಕದಲ್ಲಿ, ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಹೆಂಡತಿ.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ಕಾಯಿಲೆ ಹೆಸರು ಹೇಳ್ಲಿ. ಬೆಲ್ಟಿನಿಂದಾನೇ ಬಂದಿದ್ದು ಅಂತಾದ್ರೆ ಸ್ಪೀಡು ಇಳಿಸ್ತೀವಿ. ಸುಳ್ಳಾದ್ರೆ, ಗುಂಡಿ ಒತ್ತಿದವನು ಇವತ್ತೇ ಮನೆಗೆ."

ಮೈಕಣ್ಣ ಎಕ್ಸ್‌ಪ್ರೆಸ್ಸಿನ ಬೆನ್ನು ತಟ್ಟಿದ. "ಹೇಳೋ. ಗಟ್ಟಿಯಾಗಿ ಹೇಳು."

ಎಕ್ಸ್‌ಪ್ರೆಸ್ ಎದ್ದು ನಿಂತ. "ಬೆ..." ಎಂದ.

ಬಾಗಿಲ ಬಳಿ ಹೆಂಡತಿ ಬ್ಯಾಗು ಹಿಡಿದು ಎದ್ದಳು.

"ಬೆಲ್ಟಲ್ಲ!" ಎಂದು ಎಕ್ಸ್‌ಪ್ರೆಸ್ ಕಿರುಚಿದ. ಹಾಲಿನಲ್ಲಿ ಯಂತ್ರದ ಗದ್ದಲದ ಮೇಲೆ ಕೂಗಿ ರೂಢಿಯಾದ ಗಂಟಲು. ನಿಶ್ಶಬ್ದವಾಗಿದ್ದ ಕ್ಯಾಂಟೀನಿನ ಗಾಜುಗಳು ಅದುರಿದವು. "ಬೆಲ್ಟಿನಿಂದ ಬಂದಿದ್ದಲ್ಲ! ಶೀಘ್ರಸ್ಖಲನ!"

ಅಧಿಕಾರಿಯ ಕೈಯಲ್ಲಿದ್ದ ಚಹಾ ಅರ್ಧ ದಾರಿಯಲ್ಲಿ ನಿಂತಿತು.

"ಅದು ಕಿಡ್ನೀಲಿ ಎಲ್ಲಿ ಬರುತ್ತೋ?" ಎಂದರು ಚಿಕ್ಕಪ್ಪ.

"ಕಿಡ್ನೀಲಿ ಅಲ್ಲ ಚಿಕ್ಕಪ್ಪ! ಹೆಂಡತಿ ಹತ್ರ ಹೋದಾಗ ನನಗೆ ಬೇಗ ಮುಗಿದುಹೋಗುತ್ತೆ! ಅಷ್ಟೇ ಕಾಯಿಲೆ!" ಅವನು ಈಗ ಮ್ಯಾನೇಜರನ್ನಾಗಲಿ ಅಧಿಕಾರಿಯನ್ನಾಗಲಿ ನೋಡುತ್ತಿರಲಿಲ್ಲ, ಬಾಗಿಲನ್ನೇ ನೋಡುತ್ತಿದ್ದ. "ಅವಳದ್ದೇನೂ ತಪ್ಪಿಲ್ಲ. ನನಗೆ ಬೇರೆ ಯಾರೂ ಇಲ್ಲ. ಮುಖ ತೋರಿಸೋಕೆ ನಾಚಿಕೆಯಾಗಿ ಗೋಡೆ ಕಡೆ ತಿರುಗ್ತಿದ್ದೆ. ಸೊಂಟನೋವೂ ಸುಳ್ಳು. ಹವಾಮಾನಾನೂ ಸುಳ್ಳು!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗೆ ಹಬ್ಬುತ್ತದೆಂದು ಎಲ್ಲರೂ ಕಾದರು. ನಗಲು ಹೊರಟವನು ಪಕ್ಕದವನ ಮುಖ ನೋಡಿದ. ಪಕ್ಕದವನು ನೆಲ ನೋಡುತ್ತಿದ್ದ. ಅವನ ಪಕ್ಕದವನು ಫ್ಯಾನು ನೋಡುತ್ತಿದ್ದ. ಸೂಪರ್‌ವೈಸರು ತನ್ನ ಉಗುರುಗಳಲ್ಲಿ ಅಪಾರ ಆಸಕ್ತಿ ತಳೆದಿದ್ದ. ಆ ಕ್ಯಾಂಟೀನಿನ ಗಂಡಸರೆಲ್ಲ ಒಮ್ಮೆಲೇ ತತ್ವಜ್ಞಾನಿಗಳಾಗಿಬಿಟ್ಟಿದ್ದರು.

ಮೈಕಣ್ಣನ ದನಿ ಮೊದಲ ಬಾರಿಗೆ ಪಿಸುಮಾತಾಗಿ ಕೇಳಿಸಿತು. "ಲೋ, ಇದನ್ನ ಸ್ವಲ್ಪ ಮೊದಲೇ ಹೇಳಬಾರದಿತ್ತೇನೋ?"

"ಸರಿ ಹಾಗಾದ್ರೆ" ಎಂದು ಮ್ಯಾನೇಜರು ಸಂತೋಷದಿಂದ ಎದ್ದರು. "ಬೆಲ್ಟಿನಿಂದ ಬಂದ ಕಾಯಿಲೆ ಯಾವುದೂ ಇಲ್ಲ ಅಂತಾಯ್ತು. ಸಭೆ ಮುಗೀತು."

"ಕೂತ್ಕೊಳ್ಳಿ ಸಾರ್."

ದನಿ ಬಾಗಿಲ ಕಡೆಯಿಂದ ಬಂತು. ಹೆಂಗಸರ ಸಾಲಿನ ಹಿರಿಯಳು, ಎಲ್ಲರೂ ದೊಡ್ಡಕ್ಕ ಎನ್ನುವವಳು, ಸೆರಗು ಬಿಗಿದು ನಿಂತಿದ್ದಳು. "ಆ ಹುಡುಗ ಅದನ್ನೇ ಬಾಯಿಬಿಟ್ಟು ಹೇಳಿದ ಮೇಲೆ ನಮಗೇನು ಬಂದಿದೆ ರೋಗ? ನಾನು ಹೇಳ್ತೀನಿ, ಕೇಳಿ. ಉರಿಮೂತ್ರ! ನನಗೂ ಇದೆ, ಇವಳಿಗೂ ಇದೆ, ಆ ಕೊನೇಲಿ ಕೂತಿದಾಳಲ್ಲ, ಅವಳಿಗೂ ಇದೆ. ಸ್ಪೀಡು ಏರಿಸಿದ ಮೇಲೆ ಕಕ್ಕಸಿಗೆ ಹೋಗೋಕೆ ಬಿಡ್ತಿಲ್ಲ. ಮಧ್ಯಾಹ್ನದ ತನಕ ಕಟ್ಕೊಂಡು ನಿಲ್ತೀವಿ. ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಅಂತ ನೀರೇ ಕುಡಿಯಲ್ಲ."

"ನನ್ನ ಮಣಿಕಟ್ಟು!" ಪಕ್ಕದವಳು ಎದ್ದಳು. "ಮನೇಲಿ ತಟ್ಟೆ ಎತ್ತೋಕೆ ಆಗಲ್ಲ. ಬೆರಳು ಜೋಮು ಹಿಡಿದು ನಿದ್ದೆ ಇಲ್ಲ!"

"ಭುಜ!" "ಕಾಲು ಊತ!" "ಮುಟ್ಟಿನ ದಿನ ಒಂದು ನಿಮಿಷ ಕೂರೋಕೆ ಬಿಡಲ್ಲ!"

ಎಷ್ಟೋ ವರ್ಷ ಕೂಗದೆ ಉಳಿದಿದ್ದ ಕಾಯಿಲೆಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಕಟ್ಟಳೆಯ ಪ್ರಕಾರ ಗಂಡಸರ ಸಾಲು ಕೈ ಎತ್ತಬೇಕಿತ್ತು. ಮೊದಲ ಕೈ ಎಕ್ಸ್‌ಪ್ರೆಸ್ಸಿನದು. ಆಮೇಲೆ ಹಾಲಿಗೆ ಹಾಲೇ ಎತ್ತಿತು. ಮನಸ್ಸಿಗೆ ಬೇಜಾರೆಂದು ಹಿಂದೊಮ್ಮೆ ಕೂಗಿದ್ದವನು ಎರಡೂ ಕೈ ಎತ್ತಿದ.

"ನೀವು ಇದನ್ನ ಯಾವತ್ತೂ ಹೇಳಲೇ ಇಲ್ಲವಲ್ಲ?" ಎಂದರು ಮ್ಯಾನೇಜರು ಗಾಯಗೊಂಡವರಂತೆ.

"ನೀವು ಕೇಳಿದ್ದು ಯಾವತ್ತು ಸಾರ್?" ಎಂದಳು ದೊಡ್ಡಕ್ಕ.

ಅಧಿಕಾರಿ ತಣ್ಣಗಾದ ಚಹಾವನ್ನು ಬದಿಗೆ ಸರಿಸಿ, ಮಣಿಕಟ್ಟು, ಭುಜ, ಮೂತ್ರದ ತೊಂದರೆ, ಇವೆಲ್ಲ ಬೆಲ್ಟಿನಿಂದ ಬರುವಂಥವೇ ಎಂದು ಮ್ಯಾನೇಜರಿಗೆ ತಿಳಿಹೇಳಿದರು. ಸೋಮವಾರದಿಂದ ಬೆಲ್ಟು ಹಳೆಯ ವೇಗಕ್ಕೆ ಇಳಿಯಬೇಕು, ಕಕ್ಕಸಿಗೆ ಹೋಗುವವರನ್ನು ಯಾರೂ ತಡೆಯಬಾರದು ಎಂದಾಯಿತು. ಮೈಕಣ್ಣನ ನೌಕರಿ ಉಳಿಯಿತು, ದನಿಯೂ ಮರಳಿತು. ಅಧಿಕಾರಿ ಹೊರಡುವಾಗ ಎಕ್ಸ್‌ಪ್ರೆಸ್ಸನ್ನು ಮೂಲೆಗೆ ಕರೆದು, ಬಹಳ ಕಾಳಜಿಯಿಂದ ಕೇಳಿದರು: "ಆ ಆಸ್ಪತ್ರೆ... ಮೆಟ್ಟಿಲು ಹತ್ತಿ ಎಡಕ್ಕೋ ಬಲಕ್ಕೋ? ಇಲಾಖೆಗೆ ಮಾಹಿತಿ ಬೇಕು."

ಎಕ್ಸ್‌ಪ್ರೆಸ್ ಬಾಗಿಲ ಕಡೆ ಓಡಿದ. ಹೆಂಡತಿ ಅಲ್ಲಿರಲಿಲ್ಲ. ಗೇಟಿನ ಹೊರಗೆ, ಬ್ಯಾಗು ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು.

"ಹೊರಟುಬಿಟ್ಯಾ?"

"ಬ್ಯಾಗು ಹಿಡ್ಕೊಳ್ಳಿ. ಕೈ ನೋಯ್ತಿದೆ."

"ಬಸ್‌ಸ್ಟ್ಯಾಂಡಿಗಾ?"

"ಮನೆಗೆ."

ಇಬ್ಬರೂ ಸ್ವಲ್ಪ ದೂರ ನಡೆದರು. ಆಮೇಲೆ ಅವಳು ಹೇಳಿದಳು: "ಇಷ್ಟು ದಿನ ಕನ್ನಡಿ ಮುಂದೆ ನಿಂತ್ಕೊಂಡು ನನ್ನಲ್ಲೇ ಏನೋ ಕಮ್ಮಿ ಇದೆ ಅಂತ ಹುಡುಕ್ತಿದ್ದೆ. ನೀವು ಬೆಲ್ಟಿಗೆ ಹೇಳಿದ್ರಿ, ಯೂನಿಯನ್ನಿಗೆ ಹೇಳಿದ್ರಿ, ಸರ್ಕಾರಕ್ಕೆ ಹೇಳಿದ್ರಿ. ನನಗೆ ಹೇಳೋಕೆ ಇಷ್ಟು ಹೊತ್ತಾ?"

"ತಪ್ಪಾಯ್ತು ಕಣೇ."

"ಎಲ್ಲದರಲ್ಲೂ ಎಕ್ಸ್‌ಪ್ರೆಸ್ಸು. ಬಾಯಿಬಿಡೋದ್ರಲ್ಲಿ ಮಾತ್ರ ಗೂಡ್ಸು ಗಾಡಿ!"

ಹೇಳಿ ಅವಳೇ ನಕ್ಕಳು. ರಸ್ತೆಯಲ್ಲಿ ಜನ ತಿರುಗಿ ನೋಡುವಷ್ಟು ನಕ್ಕಳು. ಅಂದು ಸಂಜೆ ಪ್ಲಾಸ್ಟಿಕ್ ಕಪ್ಪು ಬೀರುವಿನ ಮೇಲಿಂದ ಇಳಿದು ಹೊಲಿಗೆ ಮಿಷನ್ನಿನ ಪಕ್ಕಕ್ಕೆ ಬಂತು. ಗುಂಡುಪಿನ್ನು ಹಾಕಿಡಲು ಅವಳಿಗೊಂದು ಪಾತ್ರೆ ಬೇಕಾಗಿತ್ತಂತೆ.

ಮುಂದಿನ ವಾರ ಎಕ್ಸ್‌ಪ್ರೆಸ್ ಬೆಲ್ಟಿನ ಬಳಿ ಆ ದೊಡ್ಡ ಹೆಸರನ್ನು ಇದ್ದ ಹಾಗೇ ಕೂಗಿ ರಜೆ ಕೇಳಿದ. ಕೈಗಳು ಎದ್ದವು, ಇಬ್ಬರು ಮೂವರು ಕೈ ಎತ್ತಿಕೊಂಡೇ "ನಮಗೂ ಹಲ್ಲುನೋವು" ಎಂದರು. ಆಸ್ಪತ್ರೆಯ ಬೆಂಚಿನ ಮೇಲೆ ನೋಡಿದರೆ ಆ ಹಲ್ಲುನೋವುಗಳೆಲ್ಲ ಅವನಿಗಿಂತ ಮುಂಚೆಯೇ ಬಂದು, ಒಬ್ಬರ ಮುಖ ಒಬ್ಬರು ನೋಡದೆ ಸಾಲಾಗಿ ಕೂತಿದ್ದವು. ಎಕ್ಸ್‌ಪ್ರೆಸ್ಸಿನ ಪಕ್ಕ ಹೆಂಡತಿ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತಾ ಕೂತಿದ್ದಳು.

ಆಗ ಮೆಟ್ಟಿಲು ಹತ್ತಿ, ಕರವಸ್ತ್ರದಲ್ಲಿ ಅರ್ಧ ಮುಖ ಮುಚ್ಚಿಕೊಂಡು, ಮ್ಯಾನೇಜರು ಬಂದರು. ಬೆಂಚು ನೋಡಿ ಬೆಚ್ಚಿದರು. ಹಿಂದಕ್ಕೆ ಹೋಗಲು ಆಗಲಿಲ್ಲ, ಹಿಂದೆ ಸೂಪರ್‌ವೈಸರು ಬರುತ್ತಿದ್ದ. ನೇರ ಡಾಕ್ಟರ ಬಾಗಿಲಿಗೇ ಹೋಗಿ, "ಸ್ವಲ್ಪ ದಾರಿ ಬಿಡ್ರಪ್ಪಾ, ನನಗೆ ಅರ್ಜೆಂಟು, ಬೇಗ ಮುಗಿಸ್ಕೊಂಡು ಹೋಗ್ಬೇಕು" ಎಂದರು.

ಹೆಂಡತಿ ತುಟಿಯಿಂದ ಪಿನ್ನು ತೆಗೆದಳು.

"ಆ ಅರ್ಜೆಂಟಿಗೇ ಸಾರ್ ಇಲ್ಲಿ ಔಷಧಿ ಕೊಡೋದು" ಎಂದು ಹೇಳಿ, ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. "ಬನ್ನಿ, ನಿಧಾನವಾಗಿ ಕೂತ್ಕೊಳ್ಳಿ."